ಯಾರೂ ಕಾಣದ ತಪ್ಪು

ಯಾರೂ ಕಾಣದ ತಪ್ಪನ್ನು ನಾವಾಗಿ ಹೇಳಬೇಕೆ? ಅದರಿಂದ ಯಾರಿಗೂ ಕೇಡಾಗಿಲ್ಲವೆಂದು ತೋರುವಾಗಲೂ ಹೇಳಬೇಕೆ? ಇದು ಹಳೆಯ ಪ್ರಶ್ನೆ. ಕಳೆದ ಶ್ರಾವಣದಲ್ಲಿ ಅದು ಹೊಸದೊಂದು ರೂಪದಲ್ಲಿ ನಮ್ಮೆದುರು ಬಂದು ನಿಂತಿತು. ನಮ್ಮ ಪ್ರಸಾದನಿಲಯದಲ್ಲಿದ್ದು ಓದಿ, ಈಗ ವಿಮಾನಗಳ ದುರಸ್ತಿಯ ಎಂಜಿನಿಯರಾಗಿರುವ ಹಳೆಯ ವಿದ್ಯಾರ್ಥಿಯೊಬ್ಬರು ದರ್ಶನಕ್ಕೆ ಬಂದಿದ್ದರು. ಚಾಲಕರನ್ನು ಸಿದ್ಧಗೊಳಿಸುವ ಶಾಲೆಯೊಂದರ ಚಿಕ್ಕ ವಿಮಾನಗಳು ಅವರ ಹೊಣೆಯಲ್ಲಿವೆ. ಅವರು ಹೇಳಿದ ಸಂಗತಿಯನ್ನು ವಾಚಕರ ಮುಂದಿಡುತ್ತೇವೆ.

ವಿದ್ಯಾರ್ಥಿಯೊಬ್ಬನು ಒಬ್ಬನೇ ಹಾರಿ, ಇಳಿಯುವಾಗ ಅಂದಾಜು ತಪ್ಪಿದನು. ವಿಮಾನವು ನೆಲಕ್ಕೆ ಬಡಿದು, ಪುಟಿದು, ಎರಡನೆಯ ಸಲ ಮೂತಿಯ ಚಕ್ರದ ಮೇಲೆಯೇ ಬಿದ್ದಿತು. ಗಮನಿಸಿದವರಿಲ್ಲ. ವಿಮಾನವು ತನ್ನ ಸ್ಥಳಕ್ಕೆ ಬಂದು ನಿಂತಾಗ ಹೊರಗೆ ಯಾವ ಕುರುಹೂ ಇರಲಿಲ್ಲ. ಅವನು ಸುಮ್ಮನೆ ಹೊರಟುಹೋಗಬಹುದಾಗಿತ್ತು. ಹಾಗೆ ಮಾಡದೆ ಎಂಜಿನಿಯರರ ಬಳಿಗೆ ಬಂದು ನಡೆದುದನ್ನು ನಡೆದಂತೆ ಹೇಳಿದನು.

ಇಂತಹ ಪೆಟ್ಟು ಎಲ್ಲಿ ಹೋಗಿ ಸೇರುತ್ತದೆಂಬುದನ್ನು ಅರಿತರೆ ಆ ಮಾತಿನ ಬೆಲೆ ತಿಳಿಯುತ್ತದೆ. ತರಬೇತಿಗೆ ಲೋಕದಲ್ಲೆಲ್ಲ ಬಳಸುವ ಸೆಸ್ನಾ 172 ಎಂಬ ವಿಮಾನದಲ್ಲಿ, ಎಂಜಿನ್ನಿಗೂ ಚಾಲಕನ ಕೋಣೆಗೂ ನಡುವೆ ಬೆಂಕಿಯನ್ನು ತಡೆಯಲು ಲೋಹದ ಗೋಡೆಯೊಂದಿದೆ. ಮೂತಿಯ ಚಕ್ರದ ಕಂಬವನ್ನು ಅದಕ್ಕೇ ಬಿಗಿದಿರುತ್ತಾರೆ. ಚಕ್ರ ನೆಟ್ಟಗೆ ಕಂಡರೂ ಆ ಗೋಡೆ ಸುಕ್ಕುಗಟ್ಟಿರಬಹುದು. ಆದುದರಿಂದ ಎಂಜಿನ್ನಿನ ಮುಚ್ಚಳವನ್ನು ತೆಗೆದು ಗೋಡೆಯನ್ನೂ, ಎಂಜಿನ್ನನ್ನು ಹೊತ್ತ ಚೌಕಟ್ಟನ್ನೂ ನೋಡಬೇಕು. ಪ್ರೊಪೆಲರಿನ ತುದಿ ನೆಲಕ್ಕೆ ತಾಗಿದ್ದರೆ ಎಂಜಿನ್ನಿನ ಒಳಗನ್ನೇ ಬಿಚ್ಚಿ ಪರೀಕ್ಷಿಸಬೇಕು. ರೆಕ್ಕೆಯ ತಗಡಿನಲ್ಲಿ ಮಡಿಕೆಗಳಿವೆಯೆ ಎಂದು ನೋಡಬೇಕು. ರಿವೆಟ್ಟಿನ ಸುತ್ತ ಹೊಗೆ ಹಿಡಿದಂತೆ ಕಪ್ಪು ಗೆರೆ ಮೂಡಿದ್ದರೆ ಅದು ಸಡಿಲಗೊಂಡು ಅಲುಗುತ್ತಿರಬಹುದು. ಕಣ್ಣಿಗೆ ಸಿಕ್ಕದ ಬಿರುಕನ್ನು ಹುಡುಕಲು ಲೋಹಕ್ಕೆ ಕೆಂಪು ದ್ರವವನ್ನು ಹಚ್ಚಿ, ಒರೆಸಿ, ಮೇಲೆ ಬಿಳಿಯ ಲೇಪವನ್ನು ಕೊಡುತ್ತಾರೆ. ಬಿರುಕಿನೊಳಗೆ ಇಳಿದ ದ್ರವವು ಕೆಂಪು ಗೆರೆಯಾಗಿ ಮೇಲಕ್ಕೆ ಬರುತ್ತದೆ.

ಎಂಜಿನಿಯರರು ದಿನವೆಲ್ಲ ಹುಡುಕಿದರು. ಏನೂ ಸಿಗಲಿಲ್ಲ. ಅಂದು ಹಾರಬೇಕಾಗಿದ್ದ ಸಹಪಾಠಿಗಳು ಗೊಣಗಿದರು. “ಬಾಯಿ ಮುಚ್ಚಿಕೊಂಡಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?” ಎಂದರಂತೆ.

ಪ್ರಶ್ನೆಯ ತಿರುಳಿರುವುದು ಇಲ್ಲಿಯೇ. ಕೈಗೆ ಬಂದ ಫಲವನ್ನಷ್ಟೇ ನೋಡಿ ಕರ್ಮಕ್ಕೆ ಬೆಲೆ ಕಟ್ಟುವುದಾದರೆ ಆ ಹುಡುಗನ ಮಾತು ವ್ಯರ್ಥವಾಯಿತೆನ್ನಬೇಕಾಗುತ್ತದೆ. ಹಾಗೆನ್ನಬಹುದೆ ಎಂದು ನಾವು ಎಂಜಿನಿಯರರನ್ನೇ ಕೇಳಿದೆವು. “ಬುದ್ಧಿ, ಹುಡುಕಿ ಏನೂ ಸಿಗದಿರುವುದು ಬೇರೆ, ಹುಡುಕದೆಯೇ ಇರುವುದು ಬೇರೆ. ಇಂಥ ಹಳೆಯ ಚಿಕ್ಕ ವಿಮಾನಗಳಲ್ಲಿ ಪೆಟ್ಟಿನ ಲೆಕ್ಕ ಇಡುವ ಯಂತ್ರ ಇರುವುದಿಲ್ಲ. ಹಾರಿಸಿದವನು ಹೇಳಿದರೆ ಮಾತ್ರ ನಮಗೆ ಗೊತ್ತಾಗುತ್ತದೆ” ಎಂದರು.

ವಿಚಾರಮಾಡಿ ನೋಡಿ. ಪೆಟ್ಟು ಬಿದ್ದಿತೆಂಬುದಷ್ಟೇ ಆ ಹುಡುಗನಿಗೆ ತಿಳಿದ ಸತ್ಯ. ಕೇಡಾಗಿದೆಯೋ ಇಲ್ಲವೋ ಎಂಬುದು ಅವನ ಅರಿವಿಗೆ ಮೀರಿದುದು. “ಏನೂ ಆಗಿರಲಾರದು” ಎಂದು ಸುಮ್ಮನಿರುವವನು ತನಗಿಲ್ಲದ ಅರಿವನ್ನು ಇದೆಯೆಂದು ನಟಿಸುತ್ತಾನೆ; ತಪ್ಪಿತಸ್ಥನೂ ತಾನೇ, ನ್ಯಾಯಾಧೀಶನೂ ತಾನೇ ಆಗುತ್ತಾನೆ. ಆ ತೀರ್ಪನ್ನು ನಂಬಿ ಮರುದಿನ ಆಕಾಶಕ್ಕೆ ಏರುವವನು ಮಾತ್ರ ಬೇರೊಬ್ಬ.

2018ರ ಏಪ್ರಿಲ್ 4ರಂದು ಅಮೆರಿಕೆಯ ಫ್ಲಾರಿಡಾದ ಡೇಟೋನಾ ಬೀಚಿನಲ್ಲಿ ಪೈಪರ್ ಆ್ಯರೋ ಎಂಬ ತರಬೇತಿ ವಿಮಾನವು ನೆಲ ಬಿಟ್ಟು ಮೇಲೇರುತ್ತಿದ್ದಂತೆ ಅದರ ಎಡರೆಕ್ಕೆ ಕಳಚಿ ಬಿದ್ದಿತು. ವಿದ್ಯಾರ್ಥಿಯೂ ಪರೀಕ್ಷಕರೂ ಮೃತರಾದರು. ರೆಕ್ಕೆಯ ಮುಖ್ಯ ತೊಲೆಯಲ್ಲಿ, ಬೋಲ್ಟಿನ ರಂಧ್ರದ ಬಳಿ ಹುಟ್ಟಿದ ಬಿರುಕು ಹೊರಗೆ ಕಾಣದಂತೆಯೇ ಬೆಳೆದು, ತೊಲೆಯ ಕೆಳ ಅಂಚಿನ ಶೇಕಡ 80ಕ್ಕೂ ಹೆಚ್ಚು ಭಾಗವನ್ನು ತಿಂದುಹಾಕಿತ್ತು. ಆ ವಿಮಾನ ಅದುವರೆಗೆ 7,690 ಗಂಟೆ ಹಾರಿತ್ತು. ಅದು ಒಂದು ಇಳಿತದ ಪೆಟ್ಟಲ್ಲ. ನೆಲಕ್ಕೆ ಸಮೀಪದ ತರಬೇತಿಯಲ್ಲಿ ಮೇಲಿಂದ ಮೇಲೆ ಬಿದ್ದ ಭಾರದಿಂದ ಲೋಹವು ದಣಿದಿತ್ತೆಂದು ತನಿಖೆ ಹೇಳಿತು. ಅಂತಹ ವಿಮಾನಗಳ ಆ ರಂಧ್ರಗಳನ್ನು ವಿದ್ಯುತ್ ಉಪಕರಣದಿಂದ ಪರೀಕ್ಷಿಸಬೇಕೆಂಬ ಆದೇಶವು 2021ರಲ್ಲಿ ಜಾರಿಗೆ ಬಂದಿತು. ಅನೇಕರ ಕೈಯ ಭಾರವನ್ನು ಲೋಹವು ಮೌನವಾಗಿ ಕೂಡಿಟ್ಟುಕೊಳ್ಳುತ್ತದೆ. ಆ ಸಾಲವನ್ನು ತೀರಿಸುವವರು, ಸಾಲ ಮಾಡಿದವರೇ ಆಗಿರಬೇಕೆಂದಿಲ್ಲ.

ಹಾಗಾದರೆ ಹೇಳುವುದು ಧರ್ಮ, ಸಂದೇಹವಿಲ್ಲ. ಆದರೆ ಈ ಧರ್ಮದ ಅರ್ಧಭಾರ ಕೇಳುವವನ ಮೇಲಿದೆ. ಆ ಶಾಲೆಯ ಮುಖ್ಯ ಶಿಕ್ಷಕರು ಹುಡುಗನನ್ನು ಗದರಿಸಲಿಲ್ಲ. ಎಲ್ಲರೆದುರು ಅವನಿಗೆ ವಂದನೆ ಹೇಳಿ, ಮರುದಿನ ತಾವೇ ಪಕ್ಕದಲ್ಲಿ ಕುಳಿತು ಇಳಿಯುವ ಕ್ರಮವನ್ನು ಮತ್ತೆ ಕಲಿಸಿದರಂತೆ.

ಇದನ್ನು ಕೇಳಿದಾಗ ನಮಗೆ ನಾಚಿಕೆಯಾಯಿತು. ಬಹಳ ವರ್ಷಗಳ ಹಿಂದೆ ಪ್ರಸಾದನಿಲಯದ ಹುಡುಗನೊಬ್ಬ ತನ್ನ ಕೈಯಿಂದ ಬಿದ್ದು ಏಣಿಯ ಮೆಟ್ಟಿಲು ಸೀಳಿತೆಂದು ತಾನಾಗಿಯೇ ಬಂದು ಹೇಳಿದ. ನಾವು ಪ್ರಸಾದದ ಪಂಕ್ತಿಯಲ್ಲಿ ಎಲ್ಲರೆದುರು ಅವನನ್ನು ಬೈದೆವು. ಮರುವರ್ಷ ಇನ್ನೊಂದು ಏಣಿಯ ಮೆಟ್ಟಿಲು ಮುರಿದು ಒಬ್ಬ ಬಾಲಕನ ಕೈಮೂಳೆ ಮುರಿಯಿತು. ಆ ಮೆಟ್ಟಿಲು ಸೀಳಿರುವುದು ಮೂವರು ಹುಡುಗರಿಗೆ ಮೊದಲೇ ತಿಳಿದಿತ್ತು. ಯಾರೂ ಬಂದು ಹೇಳಿರಲಿಲ್ಲ. ಅವರು ಯಾಕೆ ಹೇಳಲಿಲ್ಲವೆಂದು ನಾವು ಕೇಳಲಿಲ್ಲ. ಉತ್ತರ ನಮಗೆ ಗೊತ್ತಿತ್ತು.

ತಂದೆತಾಯಿಯರಾಗಿ, ಉಪಾಧ್ಯಾಯರಾಗಿ, ಅಧಿಕಾರಿಗಳಾಗಿ ಇದನ್ನು ಓದುತ್ತಿರುವ ನಮ್ಮ ಭಕ್ತರೂ ಹಳೆಯ ವಿದ್ಯಾರ್ಥಿಗಳೂ ಈ ಒಂದು ಮಾತನ್ನು ಮನಸ್ಸಿನಲ್ಲಿಡಬೇಕು. ನಿಮ್ಮ ಕೈಕೆಳಗಿನವನೊಬ್ಬ ಯಾರೂ ಕಾಣದ ತನ್ನ ತಪ್ಪನ್ನು ನಿಮ್ಮೆದುರು ತಂದಿಟ್ಟಾಗ ನಿಮ್ಮ ಬಾಯಿಂದ ಹೊರಡುವ ಮೊದಲ ಮಾತು ಯಾವುದು? ಮುಂದಿನವನು ಬಂದು ಹೇಳುವನೋ, ಸುಮ್ಮನೆ ಹೊರಟುಹೋಗುವನೋ ಎಂಬುದು ಆ ಮಾತಿನ ಮೇಲೆ ನಿಂತಿದೆ.