ಆಲೆಮನೆಯ ನೆನಪು ಯಾರದು?

ಸಂಕ್ರಾಂತಿ ಹತ್ತಿರ ಬಂತೆಂದರೆ ನನ್ನ ಬಾಯಿಗೆ ಬೀಗ ಹಾಕುವವರಿಲ್ಲ. ಕೊಬ್ಬರಿ ಹೆಚ್ಚುತ್ತ ಕೂತಾಗ ಮನೆಗೆ ಯಾರೇ ಬರಲಿ, ನಮ್ಮಜ್ಜಿಯ ಊರಿನ ಆಲೆಮನೆಯ ಕಥೆ ಶುರುವಾಗುತ್ತದೆ. ನಾನು ಒಂದು ವಾಕ್ಯ ಹೇಳುವಷ್ಟರಲ್ಲಿ ಮುಂದಿನದನ್ನು ಸೊಸೆಯೇ ಹೇಳಿ ಮುಗಿಸುತ್ತಾಳೆ. ಅಷ್ಟು ಸಲ ಕೇಳಿದ್ದಾಳೆ, ಪಾಪ.

ಅಜ್ಜಿಯ ಊರು ಜಂಗಮಕೋಟೆಯ ಮಗ್ಗುಲಲ್ಲಿ. ಹೊಳೆಯ ನೀರು ಕಾಣದ ಸೀಮೆ ಅದು. ಕೆರೆ ಕೋಡಿ ಬಿದ್ದು ಬಾವಿಯಲ್ಲೂ ನೀರು ನಿಂತ ವರ್ಷ ಕಬ್ಬು, ಇಲ್ಲದಿದ್ದರೆ ರಾಗಿ, ಹುರುಳಿ, ಅವರೆ. ಹಾಗಾಗಿ ಕಬ್ಬೆಂದರೆ ಮನೆಯವರಿಗೆಲ್ಲ ಒಂದು ಹೆಮ್ಮೆ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕಾನನ್ ಚಿಕ್ಕಬಳ್ಳಾಪುರದ ಸಕ್ಕರೆ, ಕಲ್ಲುಸಕ್ಕರೆಗಳನ್ನು ಹೊಗಳಿ ಬರೆದಿದ್ದಾನೆಂದು ಆಮೇಲೆ ಓದಿದಾಗ, ಆ ಹೊಗಳಿಕೆ ನಮ್ಮಜ್ಜಿಗೇ ಸಂದಿತೇನೋ ಎಂಬಂತೆ ಬೀಗಿದ್ದೆ.

1967ರಲ್ಲಿ ನನಗೆ ಒಂಬತ್ತು ವರ್ಷ. ಶನಿವಾರ ಸ್ಕೂಲು ಬಿಟ್ಟ ಕೂಡಲೇ ವಿಜಯಪುರದಲ್ಲಿ ಬಸ್ಸು ಹತ್ತಿ ಅಜ್ಜಿ ಮನೆಗೆ ಓಡುತ್ತಿದ್ದೆವು. ಕೆರೆ ತೂಬಿನ ಹತ್ತಿರ, ಹುಣಸೇಮರದ ಕೆಳಗೆ ಗಾಣ. ಎತ್ತುಗಳು ಸುತ್ತುತ್ತಿದ್ದರೆ ಒಬ್ಬರು ಕಬ್ಬು ಕೊಡುತ್ತ ಕೂತಿರುತ್ತಿದ್ದರು. ಹಿಂಡಿದ ಸಿಪ್ಪೆಯನ್ನು ಬಿಸಿಲಿಗೆ ಹರವಿ ಒಣಗಿಸಿ ಅದನ್ನೇ ಒಲೆಗೆ ತಳ್ಳಬೇಕು. ಕಬ್ಬಿನ ಬೆಂಕಿಯಲ್ಲೇ ಕಬ್ಬಿನ ಹಾಲು ಬೇಯಬೇಕು, ಸೌದೆಯ ಖರ್ಚಿಲ್ಲ. ಕೊಪ್ಪರಿಗೆಯ ಹಾಲು ಕಾದಂತೆ ಚೂರು ಸುಣ್ಣ, ಜಜ್ಜಿದ ಬೆಂಡೆಗಿಡದ ಲೋಳೆ. ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ, ಅದನ್ನು ತೆಗೆಯುತ್ತಲೇ ಇರಬೇಕು. ಉಕ್ಕಿದರೆ ನಾಲ್ಕು ಹನಿ ಹರಳೆಣ್ಣೆ. ಪಾಕವನ್ನು ತಣ್ಣೀರಿಗೆ ಬಿಟ್ಟು ನೋಡಿ, ಬೆರಳಲ್ಲಿ ಉಂಡೆಯಾದರೆ ಇಳಿಸುವ ಹೊತ್ತು. ನೂರು ಸೇರು ಕಬ್ಬು ಅರೆದರೆ ಹತ್ತು ಸೇರು ಬೆಲ್ಲ ಬಂದರೆ ಪುಣ್ಯ ಎನ್ನುತ್ತಿದ್ದಳು ಅಜ್ಜಿ.

ನನ್ನ ಕಥೆಯ ಜೀವ ಮಾತ್ರ ಆ ಅಜ್ಜಿಯ ಧಾರಾಳ. ಆಲೆಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂಬುದು ಅವಳ ನೇಮ. ದಾರಿಹೋಕರಿಗೂ ಚೊಂಬು ತುಂಬ ಹಾಲು, ಮಕ್ಕಳಿಗೆ ಬಾಳೆಲೆಯ ಮೇಲೆ ಬಿಸಿ ಬೆಲ್ಲ. ಆಳುಗಳಿಗೂ ಇಲ್ಲವೆಂದದ್ದಿಲ್ಲ. 'ಈಗಿನವರಿಗೆ ಆ ಕೈಯೆಲ್ಲಿ ಬರಬೇಕು?' ಎಂದು ಕಥೆ ಮುಗಿಸುವುದು ನನ್ನ ವಾಡಿಕೆ.

ಎರಡು ವರ್ಷದ ಹಿಂದಿನ ಮಾತು. ನಮ್ಮ ಬೀದಿಗೆ ಹೂ ತರುವಾಕೆ ಬಾಗಿಲಲ್ಲಿ ಕೂತು ಸೇವಂತಿಗೆ ಅಳೆಯುತ್ತಿದ್ದಳು. ಹೆಚ್ಚುಕಡಿಮೆ ನನ್ನ ವಯಸ್ಸೇ. ನಾನು ಎಂದಿನಂತೆ ಪಕ್ಕದ ಮನೆಯವರಿಗೆ ಆಲೆಮನೆ ವರ್ಣಿಸುತ್ತಿದ್ದೆ. ಆಕೆ ತಲೆಯೆತ್ತಿದಳು.

"ತೂಬಿನ ಹತ್ರ, ಹುಣಸೇಮರದ ಕೆಳಗಿತ್ತಲ್ಲ, ಅದೇನಮ್ಮ?"

"ಅದೇ. ನಿನಗೆ ಹೇಗೆ ಗೊತ್ತೇ?"

"ಒಲೆಗೆ ಸಿಪ್ಪೆ ಹಾಕ್ತಿದ್ದೋನು ನಮ್ಮಪ್ಪ. ಅಕ್ಕನ ಮದುವೆಗೆ ಇನ್ನೂರು ರೂಪಾಯಿ ಇಸ್ಕೊಂಡು ಆರು ವರ್ಷ ನಿಮ್ಮೋರ ಮನೇಲೇ ಇದ್ದ. ರಾತ್ರಿ ನಾನು ಮುದ್ದೆ ತಗೊಂಡೋಗಿ ಅಲ್ಲೇ ಸಿಪ್ಪೆ ಮೇಲೆ ಮಲಗ್ತಿದ್ದೆ. ಅಪ್ಪನ ಮೊಣಕೈ ತಂಕ ಬೊಬ್ಬೆ. ಈಗ್ಲೂ ಬೆಲ್ಲ ಕಾಯೋ ವಾಸನೆ ಬಂದ್ರೆ ನಂಗೆ ಹೊಟ್ಟೆ ತೊಳಸ್ತದೆ."

ನನ್ನ ಮುಖ ಹೇಗಾಯಿತೋ, ಆಕೆಯೇ ಸಮಾಧಾನ ಹೇಳಿದಳು. "ನಿಮ್ಮಜ್ಜಿ ಒಳ್ಳೇರು ಬಿಡಿ. ಚಿಪ್ಪು ಹಿಡಿದ್ರೆ ಮೇಲಿಂದ ಬಿಸಿ ಬೆಲ್ಲ ಹಾಕೋರು." ಆಮೇಲೆ, "ಎರಡು ಮೊಳ ಸಾಕೇನಮ್ಮ?"

ಚಿಪ್ಪು. ಮೇಲಿನಿಂದ. ಐವತ್ತು ವರ್ಷ ಹೇಳಿದ ಕಥೆಯಲ್ಲಿ ಈ ಎರಡು ಮಾತು ಬಂದೇ ಇರಲಿಲ್ಲ. ನಾನು ಕಂಡಿರಲಿಲ್ಲವೆಂದಲ್ಲ. ಆಳುಗಳಿಗೆ ತೆಂಗಿನ ಚಿಪ್ಪು, ನಮಗೆ ಬಾಳೆಲೆ, ಕಣ್ಣಮುಂದೆಯೇ ಇತ್ತು. ಹೇಳುವಾಗ ಮಾತ್ರ ಅದು ತಾನಾಗಿ ಜಾರಿಹೋಗುತ್ತಿತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ. ಮನಸ್ಸು ಮೊದಲು ವಕೀಲಿಕೆಗೆ ನಿಂತಿತು. ಆ ಕಾಲವೇ ಹಾಗಿತ್ತು ಎಂದಿತು. ಆದರೆ ಕಾಲಕ್ಕೆ ಕೈಯಿಲ್ಲ. ಚಿಪ್ಪಿಗೆ ಮೇಲಿನಿಂದ ಸುರಿದದ್ದು ನಾನು ಪ್ರೀತಿಸಿದ ಅಜ್ಜಿಯ ಕೈ. ಒಂಬತ್ತು ವರ್ಷದ ಹುಡುಗಿಗೆ ಏನು ಗೊತ್ತಿತ್ತು ಎಂದಿತು. ಅದು ನಿಜ, ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಕಥೆ ಹೇಳುತ್ತಿರುವವಳು ಆ ಹುಡುಗಿಯಲ್ಲವಲ್ಲ, ಮೊಮ್ಮಕ್ಕಳನ್ನು ಕಂಡ ನಾನು. 1976ರಲ್ಲಿ ಜೀತಪದ್ಧತಿ ರದ್ದತಿಯ ಕಾನೂನು ಬಂದಾಗ ನಾನು ಕಾಲೇಜಿನಲ್ಲಿದ್ದೆ. ಅದರ ಮೇಲೆ ಪ್ರಬಂಧ ಬರೆದು ಬಹುಮಾನವಾಗಿ ಸ್ಟೀಲ್ ಡಬ್ಬಿಯನ್ನೂ ತಂದೆ. ಬರೆಯುವಾಗ ಒಲೆಯ ಮುಂದಿನ ಆ ಮನುಷ್ಯ ಒಮ್ಮೆಯೂ ನೆನಪಿಗೆ ಬರಲಿಲ್ಲ. ಜೀತವೆಂಬುದು ಎಲ್ಲೋ ದೂರದ್ದು, ಅವನು ನಮ್ಮ ಮನೆಯ ಆಳು!

ಹಿಂದೊಮ್ಮೆ ವೆಸ್ಟ್ ಇಂಡೀಸಿನ ಕಬ್ಬಿನ ಚರಿತ್ರೆ ಓದಿದ್ದೆ. ನಮ್ಮ ಮನೆಗಳಲ್ಲಿ ಆ ಹೆಸರು ಪರಿಚಯವಾದದ್ದು ಕ್ರಿಕೆಟ್ಟಿನಿಂದ. ಆ ದ್ವೀಪಗಳಲ್ಲಿ ಕಬ್ಬು ಕಡಿದವರು ಆಫ್ರಿಕದಿಂದ ಹಿಡಿದು ತಂದ ಗುಲಾಮರು. ಗಾಣಕ್ಕೆ ಕೈ ಸಿಕ್ಕರೆ ಕತ್ತರಿಸಿ ಜೀವ ಉಳಿಸಲೆಂದು ಪಕ್ಕದಲ್ಲೇ ಕೊಡಲಿ ಇಟ್ಟಿರುತ್ತಿದ್ದರಂತೆ. 1838ರಲ್ಲಿ ಅಲ್ಲಿನ ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮರಿಗೆ ಪೂರ್ತಿ ಬಿಡುಗಡೆಯಾಯಿತು. ಅದೇ ವರ್ಷ ದಕ್ಷಿಣ ಅಮೆರಿಕದ ದಡದಲ್ಲಿರುವ ಬ್ರಿಟಿಷ್ ಗಯಾನಕ್ಕೆ ನಮ್ಮ ದೇಶದ ಕೂಲಿಗಳ ಮೊದಲ ಹಡಗುಗಳು ಹೋದವು. ಆಮೇಲೆ ಮದರಾಸಿನಿಂದ ಹತ್ತಿದವರಲ್ಲಿ ತಮಿಳರು, ತೆಲುಗರು ಇದ್ದರು. ಆ ಕಬ್ಬಿನ ಗದ್ದೆಗಳಲ್ಲೂ ಕಬ್ಬು ಸೀಪುತ್ತ ಬೆಳೆದ ಯಜಮಾನರ ಮಕ್ಕಳಿದ್ದಿರಬೇಕು, ಅವರಿಗೂ ಸಿಹಿ ನೆನಪುಗಳು ಇದ್ದಿರಬೇಕು.

ನನ್ನನ್ನು ಆಗ ಹಿಡಿದು ನಿಲ್ಲಿಸಿದ್ದು ಇಂಗ್ಲೆಂಡಿನ ಗೃಹಿಣಿಯರ ಸಂಗತಿ. 1791ರ ನಂತರ ಅಲ್ಲಿ ಲಕ್ಷಾಂತರ ಜನ ಗುಲಾಮರು ಬೆಳೆದ ಸಕ್ಕರೆ ಬೇಡವೆಂದು ಸಪ್ಪೆ ಟೀ ಕುಡಿದರು. ಓಟಿನ ಹಕ್ಕಿಲ್ಲದ ಹೆಂಗಸರು ತಮ್ಮ ಅಡುಗೆಮನೆಯಲ್ಲೇ ನ್ಯಾಯ ತೀರ್ಮಾನ ಮಾಡಿದರು. 1820ರ ದಶಕದಲ್ಲಿ ಎಲಿಜಬೆತ್ ಹೇರಿಕ್ ಎಂಬಾಕೆ ಲೆಸ್ಟರ್ ಊರಿನಲ್ಲಿ ಮನೆಮನೆಗೆ ಹೋಗಿ ಇದನ್ನೇ ಹೇಳಿದಳು. ಆ ದಿನಗಳ ಸಕ್ಕರೆ ಬಟ್ಟಲುಗಳ ಮೇಲೆ, ಇದು ಈಸ್ಟ್ ಇಂಡಿಯಾ ಸಕ್ಕರೆ, ಗುಲಾಮರು ಮಾಡಿದ್ದಲ್ಲ, ಎಂದು ಬರೆದಿರುತ್ತಿತ್ತು. ಈಸ್ಟ್ ಇಂಡಿಯಾ ಎಂದರೆ ನಾವು! ಮೊದಲು ಓದಿದಾಗ ಇಲ್ಲೂ ಬೀಗಿದ್ದೆ. ಹೂವಿನಾಕೆಯ ಮಾತು ಕೇಳಿದ ಮೇಲೆ ಆ ಬಟ್ಟಲು ನೆನಪಾದರೆ ಮುಖ ಬಿಸಿಯಾಗುತ್ತದೆ.

ಸಕ್ಕರೆ ಬಿಡುವುದು ಕಷ್ಟವಾದರೂ ಸಾಧ್ಯ, ಸಕ್ಕರೆ ಕಾಯಿಲೆ ಬಂದ ಮೇಲೆ ನಾನೇ ಬಿಟ್ಟಿಲ್ಲವೇ? ನೆನಪನ್ನು ಬಿಡುವುದು ಹೇಗೆ? ಬಿಸಿ ಬೆಲ್ಲದ ಆ ರುಚಿ ಸುಳ್ಳಲ್ಲ, ಅಜ್ಜಿಯ ಪ್ರೀತಿಯೂ ಸುಳ್ಳಲ್ಲ. ಅವನ್ನು ಒಲೆಗೆ ಹಾಕಿಬಿಟ್ಟರೆ ಹೂವಿನಾಕೆಯ ಅಪ್ಪನ ಬೊಬ್ಬೆ ಮಾಯುವುದೂ ಇಲ್ಲ. ಕೂತು ಕಣ್ಣೀರು ಸುರಿಸಿ ನಾನೆಷ್ಟು ಒಳ್ಳೆಯವಳೆಂದು ತೃಪ್ತಿಪಡುವುದು ಇನ್ನೂ ಸುಲಭ. ಒಂದೆರಡು ದಿನ ಅದನ್ನೂ ಮಾಡಿದೆ, ಸುಳ್ಳೇಕೆ ಹೇಳಲಿ. ಕೊನೆಗೆ ನನಗೆ ತೋಚಿದ್ದು ಇಷ್ಟೇ. ರುಚಿ ನನ್ನದು, ಆದರೆ ಕಥೆ ನನ್ನೊಬ್ಬಳದಲ್ಲ. ಹೇಳುವುದಾದರೆ ಚಿಪ್ಪನ್ನೂ ಸೇರಿಸಿ ಹೇಳಬೇಕು. ಅಜ್ಜಿ ಆ ಕಥೆಯಲ್ಲಿ ಸ್ವಲ್ಪ ಚಿಕ್ಕವಳಾಗುತ್ತಾಳೆ. ನನ್ನ ಕಷ್ಟವಿರುವುದು ಅಲ್ಲೇ.

ಈಗ ಆ ಕಡೆ ಹೋದರೆ ಕಬ್ಬಿಲ್ಲ. ಬೋರ್‌ವೆಲ್ಲಿನ ನೀರಿಗೆ ಹಿಪ್ಪುನೇರಳೆ, ದ್ರಾಕ್ಷಿ, ತರಕಾರಿ, ಹೂವು. ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗುತ್ತದೆ. ಎಳ್ಳು ಬೀರುವ ತಟ್ಟೆಯ ಕಬ್ಬಿನ ತುಂಡನ್ನು ನಾವೂ ಅಂಗಡಿಯಿಂದಲೇ ತರುತ್ತೇವೆ.

ಈ ಸಂಕ್ರಾಂತಿಗೆ ಮೊಮ್ಮಗಳು ಕಥೆ ಕೇಳಿದಳು. ಹೇಳಿದೆ. ಒಲೆ ಉರಿಸುವವನನ್ನು, ಅವನ ಮಗಳನ್ನು, ಚಿಪ್ಪನ್ನು ಸೇರಿಸಿದೆ. ಸೊಸೆಗೆ ಮುಂದಿನ ವಾಕ್ಯ ಗೊತ್ತಿರಲಿಲ್ಲ, ಎಳ್ಳು ಆರಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

"ಆ ಹುಡುಗಿ ಹೆಸರೇನಜ್ಜಿ?" ಎಂದಳು ಮೊಮ್ಮಗಳು.

ದಿನಾ ಹೂ ಕೊಳ್ಳುತ್ತೇನೆ. 'ಹೂವಮ್ಮ' ಎಂದೇ ಕರೆಯುತ್ತೇನೆ. ನಾಳೆ ಬಂದಾಗ ಕೇಳೋಣವೆಂದೆ. ಮಾರನೆಯ ದಿನ ಆಕೆ ಬರಲಿಲ್ಲ, ಆಕೆಯ ಮನೆಯಲ್ಲೂ ಹಬ್ಬ.