ಕಿವುಡಿಗೆ ಕರ್ಮ ಕಾರಣವೇ?

ಮಗುವಿಗೆ ಕಿವಿ ಕೇಳಿಸುವುದಿಲ್ಲ ಎಂದು ಗೊತ್ತಾದ ದಿನ ಮನೆಯಲ್ಲಿ ಮೊದಲು ಏಳುವ ಪ್ರಶ್ನೆಗೆ ವೈದ್ಯರು ಉತ್ತರಿಸಲಾರರು. ಇದು ಯಾರ ಪಾಪ, ಯಾವ ಜನ್ಮದ್ದು ಎಂಬ ಪ್ರಶ್ನೆ ಅದು. ಉತ್ತರವೂ ಬಹಳ ದೂರ ಇರುವುದಿಲ್ಲ. ಪೂರ್ವಜನ್ಮದ ಕರ್ಮ ಎಂದು ಹಿರಿಯರೊಬ್ಬರು ಹೇಳುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ, ತಾಯಿ ತಲೆ ತಗ್ಗಿಸುತ್ತಾಳೆ. ಇದನ್ನು ಮೂಢನಂಬಿಕೆ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಬಹುದು. ಆದರೆ ಹಾಗೆ ತಳ್ಳಿಹಾಕಿದ್ದರಿಂದ ಯಾರ ಮನಸ್ಸೂ ಬದಲಾದದ್ದಿಲ್ಲ, ಅದು ನ್ಯಾಯವೂ ಅಲ್ಲ. ಈ ಉತ್ತರದ ಹಿಂದೆ ಶತಮಾನಗಳ ಗಂಭೀರ ಚಿಂತನೆಯಿದೆ. ಆ ಚಿಂತನೆಯನ್ನು ಗೌರವದಿಂದಲೇ ಎದುರಿಸಬೇಕು. ಕರ್ಮಸಿದ್ಧಾಂತವನ್ನು ಪೂರ್ತಿ ಒಪ್ಪಿಕೊಂಡವರಿಗೂ ಎದುರಿಗಿರುವ ಒಂದು ಮಗುವಿನ ಕಿವುಡನ್ನು ಕರ್ಮಫಲವೆಂದು ತೀರ್ಪು ಕೊಡುವ ಅಧಿಕಾರವಿಲ್ಲ ಎಂಬುದು ನನ್ನ ವಾದ. ಆ ಅಧಿಕಾರವನ್ನು ಶಾಸ್ತ್ರಗಳೂ ಕೊಟ್ಟಿಲ್ಲ, ಕಿವಿಯ ಬಗ್ಗೆ ಈಗ ತಿಳಿದಿರುವ ಸಂಗತಿಗಳೂ ಕೊಡುವುದಿಲ್ಲ.

ನಮ್ಮ ದಾರ್ಶನಿಕರಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡವನು ವೈಶೇಷಿಕ ದರ್ಶನದ ಪ್ರಶಸ್ತಪಾದ. ವೈಶೇಷಿಕರ ಪ್ರಕಾರ ಶಬ್ದ ಆಕಾಶದ ಗುಣ, ಕಿವಿಯ ರಂಧ್ರದೊಳಗಿನ ಆಕಾಶವೇ ಶ್ರವಣೇಂದ್ರಿಯ. ಶಬ್ದ ನೀರಿನ ಅಲೆಗಳಂತೆ ಒಂದರಿಂದ ಇನ್ನೊಂದು ಹುಟ್ಟುತ್ತಾ ಬಂದು ಕಿವಿಯನ್ನು ಮುಟ್ಟುತ್ತದೆ. ವಾದ ಚೆನ್ನಾಗಿದೆ, ಆದರೆ ಅದರಿಂದಲೇ ಒಂದು ತೊಡಕು ಹುಟ್ಟುತ್ತದೆ. ಆಕಾಶ ನಿತ್ಯವಾದದ್ದು, ಎಲ್ಲೆಲ್ಲೂ ಇರುವಂಥದ್ದು, ಕೆಡದೇ ಇರುವಂಥದ್ದು. ಹಾಗಿದ್ದರೆ ಕಿವುಡನ ಕಿವಿಯಲ್ಲಿ ಕೆಟ್ಟದ್ದಾದರೂ ಏನು? ರಂಧ್ರವಿದೆ, ಅದರಲ್ಲಿ ಆಕಾಶವೂ ಇದೆ. ಶಬ್ದ ಮಾತ್ರ ಕೇಳುವುದಿಲ್ಲ. ಆ ಆಕಾಶಕ್ಕೆ ಕೇಳಿಸುವ ಶಕ್ತಿ ಕೊಡುವುದು ಆ ವ್ಯಕ್ತಿಯ ಧರ್ಮಾಧರ್ಮಗಳ ನೆರವು, ಆ ನೆರವು ಊನವಾದಾಗ ಕಿವುಡು ಬರುತ್ತದೆ ಎಂದು ಪ್ರಶಸ್ತಪಾದ ಉತ್ತರಿಸಿದ. ಕಣ್ಣಿಗೆ ಕಾಣದ ಈ ಕಾರಣಕ್ಕೆ ದರ್ಶನದಲ್ಲಿ ಅದೃಷ್ಟ ಎಂದು ಹೆಸರು. ಇಲ್ಲಿ ಗಮನಿಸಬೇಕಾದದ್ದು ಅವನು ಅದೃಷ್ಟವನ್ನು ಎಲ್ಲಿ ತಂದ ಎಂಬುದನ್ನು. ಕಾಣುವ ಕಾರಣ ಯಾವುದೂ ಕೈಗೆ ಸಿಗದ ಕಡೆ ತಂದ. ವೈಶೇಷಿಕರು ಸೂಜಿ ಅಯಸ್ಕಾಂತದ ಕಡೆ ಸರಿಯುವುದಕ್ಕೂ ಅದೃಷ್ಟವನ್ನೇ ಕಾರಣವೆಂದಿದ್ದರು. ಇವತ್ತು ಅಯಸ್ಕಾಂತದ ವಿಷಯದಲ್ಲಿ ಪಾಪಪುಣ್ಯದ ಮಾತು ಯಾರೂ ಆಡುವುದಿಲ್ಲ. ಕಿವಿಯ ವಿಷಯದಲ್ಲಿ ಮಾತ್ರ ಇನ್ನೂ ಆಡುತ್ತೇವೆ.

ಪ್ರಶಸ್ತಪಾದನಿಗೆ ಕಾಣದೇ ಇದ್ದದ್ದು ಕಿವಿಯ ಒಳಭಾಗ. ಹೊರಗಿನ ಗಾಳಿಯ ಕಂಪನ ತಮಟೆಪೊರೆಯನ್ನು ಅಲುಗಿಸುತ್ತದೆ. ಅದರ ಹಿಂದೆ ಮೂರು ಪುಟ್ಟ ಮೂಳೆಗಳ ಸರಪಳಿಯಿದೆ. ಕೊನೆಯ ರಿಕಾಪು ಮೂಳೆ ಇಡೀ ದೇಹದಲ್ಲೇ ಚಿಕ್ಕದು, ಉದ್ದ ಸುಮಾರು 3 ಮಿಲಿಮೀಟರ್. ಗಾಳಿಯಲ್ಲಿ ಬಂದ ಶಬ್ದ ನೇರವಾಗಿ ದ್ರವಕ್ಕೆ ಬಡಿದರೆ ಬಹುಪಾಲು ಹಿಂದಕ್ಕೇ ಪುಟಿಯುತ್ತದೆ. ಆದ್ದರಿಂದ ತಮಟೆಪೊರೆಯ ಅಗಲವಾದ ಹರವಿನ ಮೇಲೆ ಬಿದ್ದ ಒತ್ತಡವನ್ನು ಈ ಮೂಳೆಗಳು ಅದರ ಹದಿನೇಳನೇ ಒಂದು ಪಾಲಿನಷ್ಟು ಜಾಗಕ್ಕೆ ಕೂಡಿಸಿ ಒಳಗಿವಿಗೆ ತಳ್ಳುತ್ತವೆ. ಅಲ್ಲಿ ಬಸವನಹುಳುವಿನ ಚಿಪ್ಪಿನ ಹಾಗೆ ಎರಡೂವರೆ ಸುತ್ತು ಸುತ್ತಿಕೊಂಡ ಕಾಕ್ಲಿಯಾ ಇದೆ. ಅದರ ಬುಡದಲ್ಲಿ ಕೀರಲು ದನಿ, ತುದಿಯಲ್ಲಿ ಗಡಸು ದನಿ. ಯಾವ ಸ್ವರಕ್ಕೆ ಯಾವ ಜಾಗ ಅಲುಗುತ್ತದೆ ಎಂಬುದನ್ನು ತೋರಿಸಿದ್ದಕ್ಕೆ ಗೇಯಾರ್ಗ್ ಫಾನ್ ಬೆಕೆಶಿಗೆ 1961ರಲ್ಲಿ ನೊಬೆಲ್ ಬಂತು. ಆ ಜಾಗದಲ್ಲಿ ಸಾಲಾಗಿ ನಿಂತ ರೋಮಕೋಶಗಳು ಒಂದು ಕಿವಿಗೆ ಸುಮಾರು 15,000, ಅಷ್ಟೇ. ಅವುಗಳ ತಲೆಯ ಮೇಲಿನ ಸೂಕ್ಷ್ಮ ರೋಮಗಳು ಬಾಗಿದಾಗ ಬಾಗಿಲುಗಳು ತೆರೆದು ಪೊಟ್ಯಾಸಿಯಂ ಒಳನುಗ್ಗುತ್ತದೆ, ನರಕ್ಕೆ ಸುದ್ದಿ ಹೋಗುತ್ತದೆ. ಹೊರಸಾಲಿನ ಕೋಶಗಳಂತೂ ತಾವೇ ಹಿಗ್ಗಿ ಕುಗ್ಗಿ ಸಣ್ಣ ಸದ್ದನ್ನು ಹಿಗ್ಗಿಸುತ್ತವೆ. ಹಾಗೆ ಮಾಡುವಾಗ ಆರೋಗ್ಯವಂತ ಕಿವಿಯಿಂದಲೇ ಅತಿ ಕ್ಷೀಣವಾದ ಒಂದು ಸದ್ದು ಹೊರಬರುತ್ತದೆ. 1978ರಲ್ಲಿ ಡೇವಿಡ್ ಕೆಂಪ್ ಇದನ್ನು ಪತ್ತೆಮಾಡಿದ. ಮಲಗಿದ ಹಸುಗೂಸಿನ ಕಿವಿಗೆ ಪುಟ್ಟದೊಂದು ಬಿರಡೆ ಇಟ್ಟು ಕೆಲವೇ ನಿಮಿಷಗಳಲ್ಲಿ ಮಾಡುವ ಶ್ರವಣ ಪರೀಕ್ಷೆ ನಿಂತಿರುವುದು ಈ ಸದ್ದಿನ ಮೇಲೆ. ಇಂದ್ರಿಯ ಬರಿಯ ಅವಕಾಶವಲ್ಲ, ದುಡಿಯುವ ಜೀವಕೋಶ. ದುಡಿಯುವುದೆಲ್ಲ ಸವೆಯುತ್ತದೆ, ಪೆಟ್ಟು ತಿನ್ನುತ್ತದೆ, ಸಾಯುತ್ತದೆ. ಹಕ್ಕಿಗಳಲ್ಲಿ ಸತ್ತ ರೋಮಕೋಶದ ಜಾಗದಲ್ಲಿ ಹೊಸದು ಹುಟ್ಟುತ್ತದೆ, ಮನುಷ್ಯನಲ್ಲಿ ಹುಟ್ಟುವುದಿಲ್ಲ.

ಹೀಗೆ ಒಳಹೊಕ್ಕು ನೋಡಿದ ಮೇಲೆ, ಅದೃಷ್ಟ ಎನ್ನಿಸಿಕೊಂಡಿದ್ದ ಬಹುಭಾಗ ದೃಷ್ಟವಾಗಿದೆ. ಕೆಲವರಿಗೆ ಗುಗ್ಗೆ ತುಂಬಿ ಕೇಳಿಸುವುದಿಲ್ಲ, ಹಲವು ಮಕ್ಕಳಿಗೆ ಕಿವಿ ಸೋರಿ ಸೋರಿ ತಮಟೆಪೊರೆ ತೂತಾಗಿರುತ್ತದೆ, ಇವೆರಡಕ್ಕೂ ಚಿಕಿತ್ಸೆಯಿದೆ. ಹುಟ್ಟಿದಾಗ ಕಾಮಾಲೆ ವಿಪರೀತಕ್ಕೆ ಹೋದರೆ, ಮಿದುಳುಪೊರೆಯ ಉರಿಯೂತ ಬಂದರೆ, ಜೆಂಟಮೈಸಿನ್, ಸ್ಟ್ರೆಪ್ಟೊಮೈಸಿನ್‌ನಂಥ ಔಷಧಗಳು ರೋಮಕೋಶದೊಳಕ್ಕೆ ಇಳಿದರೆ ಕಿವಿ ಹೋಗಬಹುದು. ಗರ್ಭಿಣಿಗೆ ರುಬೆಲ್ಲಾ ತಗುಲಿದರೆ ಹೊಟ್ಟೆಯಲ್ಲಿರುವ ಮಗು ಕಿವುಡಾಗಬಹುದು. ಈ ರುಬೆಲ್ಲಾದ ವಿಷಯವನ್ನು ಕರ್ಮವಾದಿಗಳು ನಿಂತು ಯೋಚಿಸಬೇಕೆಂದು ಕೇಳಿಕೊಳ್ಳುತ್ತೇನೆ. 2017ರ ಫೆಬ್ರವರಿಯಲ್ಲಿ ದೇಶದಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಲಸಿಕೆ ಹಾಕಿಸಿಕೊಂಡ ಹುಡುಗಿ ಮುಂದೆ ತಾಯಿಯಾದಾಗ ಅವಳ ಮಗುವಿಗೆ ಈ ಕಾರಣದ ಕಿವುಡು ಬರುವುದಿಲ್ಲ. ತೋಳಿಗೆ ಚುಚ್ಚಿದ ಒಂದು ಸೂಜಿ ಯಾವ ಜೀವದ ಸಂಚಿತ ಪಾಪವನ್ನೂ ತೊಳೆಯಲಾರದು. ತಡೆದದ್ದು ವೈರಸ್ಸನ್ನು. ಹಾಗಾದರೆ ಲಸಿಕೆ ಸಿಗದ ಊರಿನ ಮಗುವಿಗೆ ಬಂದ ಕಿವುಡಿಗೆ ಆ ಮಗುವಿನ ಪಾಪ ಹೇಗೆ ಕಾರಣವಾದೀತು? ಬಾಲ್ಯದ ಶ್ರವಣದೋಷದಲ್ಲಿ ಸುಮಾರು ಶೇ 60ರಷ್ಟು ತಪ್ಪಿಸಬಹುದಾದ ಕಾರಣಗಳಿಂದ ಬರುವಂಥದ್ದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಸದ್ದಿನ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. 85 ಡೆಸಿಬಲ್ ಮೀರಿದ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ, ವರ್ಷಗಟ್ಟಲೆ ನಿಂತವರ ರೋಮಕೋಶ ಸಾಯುತ್ತದೆ. ಪವರ್‌ಲೂಮ್ ಶೆಡ್ಡಿನಲ್ಲಿ ಕಿವಿಗೆ ರಕ್ಷಣೆ ಕೊಡದೆ ದುಡಿಸಿಕೊಂಡವನು ಒಬ್ಬ, ಕಿವಿ ಕಳೆದುಕೊಂಡವನು ಇನ್ನೊಬ್ಬ. ಕಳೆದುಕೊಂಡವನ ಪೂರ್ವಜನ್ಮವನ್ನು ಕೆದಕುವುದರಿಂದ ಲಾಭ ಯಾರಿಗೆಂದು ಬೇರೆ ಹೇಳಬೇಕಾಗಿಲ್ಲ.

ಇದಕ್ಕೆ ಬರುವ ಆಕ್ಷೇಪ ಹಗುರವಾದದ್ದಲ್ಲ. ವೈರಸ್ಸು, ಔಷಧ, ಸದ್ದು ಇವೆಲ್ಲ ಹೇಗೆ ಎಂಬುದಕ್ಕೆ ಉತ್ತರ. ಈ ಮಗುವಿಗೇ ಏಕೆ ಎಂಬುದಕ್ಕಲ್ಲ. ಒಂದೇ ವಾರ್ಡಿನಲ್ಲಿ ಇಬ್ಬರಿಗೆ ಒಂದೇ ಔಷಧ ಕೊಟ್ಟರೆ ಒಬ್ಬನ ಕಿವಿ ಉಳಿಯಿತು, ಇನ್ನೊಬ್ಬನದು ಹೋಯಿತು. ಕರ್ಮ ಕೆಲಸ ಮಾಡುವುದು ಅಲ್ಲೇ ಎಂದು ಕರ್ಮವಾದಿಗಳು ಹೇಳುತ್ತಾರೆ. ಆದರೆ ಈ ಏಕೆಯ ಒಂದು ದೊಡ್ಡ ಪಾಲಿಗೂ ಈಗ ಉತ್ತರವಿದೆ. ಜೆಂಟಮೈಸಿನ್‌ಗೆ ಅತಿ ಸುಲಭವಾಗಿ ಕಿವಿ ಕಳೆದುಕೊಳ್ಳುವವರಲ್ಲಿ ಕೆಲವರಿಗೆ ಮೈಟೊಕಾಂಡ್ರಿಯಾದ ಡಿಎನ್‌ಎಯಲ್ಲಿ ಒಂದು ಅಕ್ಷರ ಬದಲಾಗಿರುತ್ತದೆ. ಕನೆಕ್ಸಿನ್ 26 ಎಂಬ ಪ್ರೋಟೀನಿನ ಜೀನ್ ಕೆಟ್ಟು ಹುಟ್ಟುಕಿವುಡು ಬರುವುದು ನಮ್ಮಲ್ಲೂ ಸಾಮಾನ್ಯ. ತಂದೆತಾಯಿ ಇಬ್ಬರಿಗೂ ಚೆನ್ನಾಗಿ ಕೇಳಿಸುತ್ತಿರುತ್ತದೆ, ಇಬ್ಬರಲ್ಲೂ ಆ ಜೀನಿನ ಒಂದೊಂದು ಕೆಟ್ಟ ಪ್ರತಿ ಅಡಗಿರುತ್ತದೆ. ಪ್ರತಿ ಬಸಿರಿನಲ್ಲೂ ಎರಡೂ ಕೆಟ್ಟ ಪ್ರತಿಗಳು ಒಂದೇ ಮಗುವಿಗೆ ಹೋಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಕ್ಕನ ಮಗಳನ್ನು, ಸೋದರತ್ತೆಯ ಮಗಳನ್ನು ತರುವ ನಮ್ಮ ಮದುವೆಗಳಲ್ಲಿ ಒಂದೇ ಕೆಟ್ಟ ಪ್ರತಿ ಎರಡೂ ಕಡೆಯಿಂದ ಬರುವ ಸಂಭವ ಹೆಚ್ಚು. ಆದರೂ ನಾಲ್ಕರಲ್ಲಿ ಆ ಒಂದು ಇದೇ ಮಗುವಿನ ಪಾಲಿಗೆ ಏಕೆ ಬಂತು ಎಂಬ ಪ್ರಶ್ನೆ ಉಳಿಯುತ್ತದೆ, ಒಪ್ಪುತ್ತೇನೆ. ಆದರೆ ಆ ಉಳಿಕೆಯನ್ನು ನಾವು ಎಷ್ಟು ಪಕ್ಷಪಾತದಿಂದ ತುಂಬುತ್ತೇವೆ ನೋಡಿ. ವಯಸ್ಸಾದಂತೆ ಕೀರಲು ದನಿಯ ಕೋಶಗಳು ಎಲ್ಲರಲ್ಲೂ ಸಾಯುತ್ತವೆ. ಎಪ್ಪತ್ತು ದಾಟಿದ ತಾತನಿಗೆ ಕಿವಿ ಮಂದವಾದರೆ ವಯಸ್ಸಾಯಿತು ಎನ್ನುತ್ತೇವೆ. ಅವರ ಪೂರ್ವಜನ್ಮದ ಸುದ್ದಿ ಎತ್ತುವುದಿಲ್ಲ. ಅದೇ ರೋಮಕೋಶ ಮಗುವಿನಲ್ಲಿ ಇಲ್ಲವಾದರೆ ಪಾಪ. ಸಿದ್ಧಾಂತ ಒಂದೇ ಆಗಿದ್ದರೆ ಎಲ್ಲ ಕಿವಿಗಳಿಗೂ ಒಂದೇ ಆಗಬೇಕು. ಹಾಗಾಗುತ್ತಿಲ್ಲವೆಂದರೆ ನಾವು ಸಿದ್ಧಾಂತದ ಹೆಸರಿನಲ್ಲಿ ಎದುರು ಮಾತಾಡಲಾರದವರ ಮೇಲೆ ತಪ್ಪು ಹೊರಿಸುತ್ತಿದ್ದೇವೆ.

ಪರಂಪರೆಯೇ ಈ ಅವಸರಕ್ಕೆ ಕಡಿವಾಣ ಹಾಕಿದೆ. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಗರ್ಭದ ವಿಕೃತಿಗಳಿಗೆ ಕಾರಣ ಹೇಳುವಾಗ ಬೀಜದ ದೋಷ, ಆತ್ಮಕರ್ಮ, ಗರ್ಭಾಶಯ, ಕಾಲ, ತಾಯಿಯ ಆಹಾರ ವಿಹಾರ ಎಲ್ಲವನ್ನೂ ಒಟ್ಟಿಗೆ ಇಡಲಾಗಿದೆ. ಕರ್ಮ ಅಲ್ಲಿ ಹಲವರಲ್ಲಿ ಒಬ್ಬ. ಚರಕನಿಗೆ ಜೀನ್ ಗೊತ್ತಿತ್ತು ಎಂದು ಎಳೆಯುವ ಅಗತ್ಯವಿಲ್ಲ, ಎಳೆಯಲೂ ಬಾರದು. ಆದರೆ ಕರ್ಮವೊಂದೇ ಸಾಕು ಎಂದು ಅವನಿಗೆ ಅನ್ನಿಸಿರಲಿಲ್ಲ ಎಂಬುದು ಖಚಿತ. ಅದೇ ಸಂಹಿತೆಯ ವಿಮಾನಸ್ಥಾನದಲ್ಲಿ ದೈವ ಮತ್ತು ಪುರುಷಕಾರಗಳನ್ನು ತೂಗಿ, ದುರ್ಬಲವಾದ ದೈವವನ್ನು ಪ್ರಬಲ ಪ್ರಯತ್ನ ಮುರಿಯಬಲ್ಲದು ಎಂದು ಹೇಳಿದೆ. ಎಲ್ಲವೂ ಮೊದಲೇ ನಿಶ್ಚಿತವಾಗಿದ್ದರೆ ಔಷಧವೇಕೆ, ಅಪಾಯದಿಂದ ದೂರ ಸರಿಯುವುದೇಕೆ ಎಂಬ ಪ್ರಶ್ನೆಯನ್ನೂ ಅಲ್ಲೇ ಕೇಳಿದೆ. ಬೌದ್ಧರ ಸಂಯುತ್ತ ನಿಕಾಯದಲ್ಲಿ ಮೋಳಿಯ ಸೀವಕನೆಂಬ ಪರಿವ್ರಾಜಕ ಬಂದು, ಅನುಭವಿಸುವುದೆಲ್ಲವೂ ಹಿಂದೆ ಮಾಡಿದ್ದರ ಫಲ ಎನ್ನುವವರ ಬಗ್ಗೆ ಬುದ್ಧನನ್ನು ವಿಚಾರಿಸುತ್ತಾನೆ. ಪಿತ್ತ, ಕಫ, ವಾತ, ಇವು ಮೂರರ ಬೆರಕೆ, ಋತುವಿನ ವ್ಯತ್ಯಾಸ, ವಿಷಮವಾದ ನಡವಳಿಕೆ, ಹೊರಗಿನ ಪೆಟ್ಟು ಇವುಗಳಿಂದಲೂ ವೇದನೆ ಹುಟ್ಟುತ್ತದೆ ಎಂದು ಬುದ್ಧ ಎಣಿಸುತ್ತಾನೆ. ಕರ್ಮಫಲ ಎಂಟನೆಯದಾಗಿ ಬರುತ್ತದೆ. ಎಲ್ಲವೂ ಕರ್ಮ ಎನ್ನುವವರು ಕಂಡದ್ದನ್ನೂ ಲೋಕ ಒಪ್ಪಿದ್ದನ್ನೂ ಮೀರಿ ಓಡುತ್ತಾರೆ ಎಂಬುದು ಅವನ ನಿಲುವು. ಕರ್ಮವನ್ನು ನಂಬಿದವನೇ ಆಡಿದ ಮಾತು ಇದು.

ಕರ್ಮದ ತೀರ್ಪು ಮನೆಯ ಮಾತಿಗೆ ನಿಂತಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. ಅದು ಕಾನೂನೂ ಆಯಿತು. ಮನುಸ್ಮೃತಿ ಹುಟ್ಟುಕುರುಡರನ್ನೂ ಕಿವುಡರನ್ನೂ ಪಿತ್ರಾರ್ಜಿತದ ಪಾಲಿನಿಂದ ಹೊರಗಿಟ್ಟಿತು. ಅನ್ನ ಬಟ್ಟೆ ಕೊಡಿ, ಆಸ್ತಿ ಬೇಡ ಎಂದಿತು. ಚಾಲುಕ್ಯರ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರ ಬರೆದ ಮಿತಾಕ್ಷರ ದೇಶದ ಬಹುಭಾಗಕ್ಕೆ ಹಿಂದೂ ಉತ್ತರಾಧಿಕಾರದ ಆಧಾರಗ್ರಂಥವಾಯಿತು. ವಿಜ್ಞಾನೇಶ್ವರನೂ ಆ ನಿಷೇಧವನ್ನು ಒಪ್ಪಿಕೊಂಡ. ಆದರೆ ಒಂದು ಬಾಗಿಲು ತೆರೆದಿಟ್ಟ: ಪಾಲಾದ ಮೇಲಾದರೂ ಔಷಧದಿಂದ ದೋಷ ನಿವಾರಣೆಯಾದರೆ ಅವನಿಗೆ ಪಾಲು ಸಲ್ಲಬೇಕು. ದೋಷ ಆತ್ಮಕ್ಕೆ ಅಂಟಿದ ಮಚ್ಚೆಯಲ್ಲ, ದೇಹದ ಸ್ಥಿತಿ, ಔಷಧಕ್ಕೆ ಬಗ್ಗಬಹುದಾದ ಸ್ಥಿತಿ ಎಂದು ಒಪ್ಪದೆ ಈ ಮಾತು ಬರೆಯಲಾಗುವುದಿಲ್ಲ. ಆ ನಿಷೇಧ ಕಾನೂನಿನಿಂದ ಹೋದದ್ದು 1928ರಲ್ಲಿ, ಮತ್ತೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ. ಅಷ್ಟು ಶತಮಾನಗಳ ಕಾಲ ಎಷ್ಟು ಜನ ಕಿವುಡರು ತಮ್ಮದೇ ಮನೆಯ ಜಗಲಿಯಲ್ಲಿ ಅನ್ನಕ್ಕೆ ಕೈಯೊಡ್ಡಿ ಬದುಕಿದರೋ.

ಕರ್ಮದ ಮಾತು ದುಃಖದಲ್ಲಿರುವವರಿಗೆ ಸಮಾಧಾನ ಕೊಡುತ್ತದೆ, ಅದನ್ನೂ ಕಿತ್ತುಕೊಳ್ಳುತ್ತೀರಾ ಎಂದು ಕೇಳಬಹುದು. ಬದಲಾಯಿಸಲಾಗದ್ದನ್ನು ಸಹಿಸಿಕೊಳ್ಳಲು ಅದು ಕೆಲವರಿಗೆ ನಿಜವಾಗಿಯೂ ಆಸರೆಯಾಗಿದೆ, ಆ ಆಸರೆಯನ್ನು ನಾನು ಹಳಿಯುವುದಿಲ್ಲ. ಆದರೆ ತನ್ನ ನೋವಿಗೆ ತಾನೇ ಹೇಳಿಕೊಳ್ಳುವ ಮಾತು ಬೇರೆ, ಇನ್ನೊಬ್ಬರ ಮಗುವಿನ ಮೇಲೆ ಹೊರಿಸುವ ಮಾತು ಬೇರೆ. ಮೇಲಾಗಿ ಇಲ್ಲಿ ಕಾಲದ ಲೆಕ್ಕವಿದೆ. ಮಿದುಳು ಭಾಷೆಗೆ ತೆರೆದುಕೊಳ್ಳುವುದು ಮೊದಲ ಕೆಲವು ವರ್ಷಗಳಲ್ಲಿ. ಆದ್ದರಿಂದ ಒಂದು ತಿಂಗಳೊಳಗೆ ಪರೀಕ್ಷೆ, ಮೂರು ತಿಂಗಳೊಳಗೆ ನಿರ್ಣಯ, ಆರು ತಿಂಗಳೊಳಗೆ ಶ್ರವಣ ಸಾಧನ ಮತ್ತು ಭಾಷೆಯ ತರಬೇತಿ ಶುರುವಾಗಬೇಕು ಎಂಬುದು ತಜ್ಞರು ಪಾಲಿಸುವ ಕ್ರಮ. ಹಣೆಬರಹವೆಂದು ಕೈಕಟ್ಟಿ ಕೂತ ಮನೆಯಲ್ಲಿ, ಹರಕೆ ತೀರಿದ ಮೇಲೆ ನೋಡೋಣ ಎಂದ ಮನೆಯಲ್ಲಿ, ಈ ತಿಂಗಳುಗಳು ಹೋಗಿಬಿಡುತ್ತವೆ. ಹೋದದ್ದು ಮತ್ತೆ ಬರುವುದಿಲ್ಲ.

ಇನ್ನೊಂದು ಆಕ್ಷೇಪ ಕಿವುಡರ ಸಮುದಾಯದಿಂದಲೇ ಬರುತ್ತದೆ: ಕಾರಣ, ಚಿಕಿತ್ಸೆ ಎಂದೇ ಮಾತಾಡಿದರೆ ನಮ್ಮನ್ನು ಕೆಟ್ಟುಹೋದ ವಸ್ತುಗಳೆಂದು ಕಂಡಂತಾಗುವುದಿಲ್ಲವೇ? ಈ ಮಾತಿಗೆ ಕಿವಿಗೊಡಲೇಬೇಕು. ಸಂಜ್ಞಾಭಾಷೆ ಕೈಸನ್ನೆಗಳ ಗುಂಪಲ್ಲ; ತನ್ನದೇ ವ್ಯಾಕರಣವಿರುವ ಪೂರ್ಣ ಭಾಷೆ. ಅದರಲ್ಲಿ ಬೆಳೆದ ಮಗುವಿಗೆ ಯೋಚನೆಯಲ್ಲಾಗಲಿ ಜಾಣ್ಮೆಯಲ್ಲಾಗಲಿ ಯಾವ ಕೊರತೆಯೂ ಆಗುವುದಿಲ್ಲ. ಭಾರತೀಯ ಸಂಜ್ಞಾಭಾಷೆಗಾಗಿಯೇ 2015ರಲ್ಲಿ ದೆಹಲಿಯಲ್ಲಿ ರಾಷ್ಟ್ರೀಯ ಸಂಸ್ಥೆಯೊಂದು ಹುಟ್ಟಿದೆ. ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿದ ಮಗುವಿಗೂ ಸಂಜ್ಞೆ ಕಲಿಸುವುದರಿಂದ ನಷ್ಟವಿಲ್ಲ. ಕಾರಣ ತಿಳಿಯುವುದಕ್ಕೂ ಕಿವುಡರನ್ನು ಸರಿಸಮಾನರೆಂದು ಕಾಣುವುದಕ್ಕೂ ಜಗಳವಿಲ್ಲ. ಭಿನ್ನವಾಗಿ ಬಾಳುವುದನ್ನು ಶಿಕ್ಷೆಯನ್ನಾಗಿ ಮಾಡಿದ್ದು ಕರ್ಮದ ಕಥೆ. ಅದು ಹೋದರೆ ಶ್ರವಣ ಸಾಧನವನ್ನೂ ಸಂಜ್ಞಾಭಾಷೆಯನ್ನೂ ತಂದೆತಾಯಿ ನಾಚಿಕೆಯಿಲ್ಲದೆ ಆರಿಸಿಕೊಳ್ಳಬಹುದು.

ಮಗುವನ್ನು ಎತ್ತಿಕೊಂಡು ಬಂದು ಇದೇಕೆ ಹೀಗಾಯಿತು ಎಂದು ಕೇಳುವ ತಂದೆತಾಯಿ ಮೊದಲು ಹೋಗುವುದು ಅರ್ಚಕರಲ್ಲಿಗೆ, ಜ್ಯೋತಿಷಿಗಳಲ್ಲಿಗೆ, ಮಠದ ಸ್ವಾಮಿಗಳಲ್ಲಿಗೆ, ದರ್ಗಾದ ಹಿರಿಯರಲ್ಲಿಗೆ. ನನ್ನ ಕೋರಿಕೆ ಅವರಿಗೆ. ಹಳೆಯ ಜನ್ಮದ ಮಾತು ಬೇಡ. ಜಿಲ್ಲಾಸ್ಪತ್ರೆಯ ಕಿವಿ ಮೂಗು ಗಂಟಲು ವಿಭಾಗಕ್ಕೋ, 1965ರಿಂದ ಇದೇ ಕೆಲಸ ಮಾಡುತ್ತಿರುವ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೋ ಈ ವಾರವೇ ಹೋಗಿ ಎಂದು ಹೇಳಿ ಕಳಿಸಿ. ತಾಯಿಯ ಕಡೆ ತಿರುಗಿ, ನಿನ್ನ ತಪ್ಪಿಲ್ಲಮ್ಮ ಎಂದೂ ಹೇಳಿ. ನಿಮ್ಮ ಮಾತನ್ನು ಅವರು ಕೇಳುತ್ತಾರೆ.