ಮನಸ್ಸಾಕ್ಷಿಯೂ ಅಧಿಕಾರದ ಆಸನವೂ

ಶಿವಾಜಿನಗರ, ಹಲಸೂರು, ಇಂದಿರಾನಗರ, ಕೃಷ್ಣರಾಜಪುರಗಳಲ್ಲಿ ನೆಲೆಸಿರುವ ನಮ್ಮ ಆಸ್ತಿಕ ಕುಟುಂಬಗಳಲ್ಲಿ ಸಾರ್ವಜನಿಕ ಉದ್ಯೋಗವನ್ನು ಕಾಣದ ಮನೆ ವಿರಳ. ಬ್ಯಾಂಕು, ತಾಲ್ಲೂಕು ಕಚೇರಿ, ಅಂಚೆ ಕಚೇರಿ, ಆಸ್ಪತ್ರೆ, ಸರ್ಕಾರಿ ಕಾರ್ಖಾನೆ ಇವುಗಳಲ್ಲಿ ಒಂದಿಲ್ಲೊಂದು ಕಡೆ ನಮ್ಮವರು ದುಡಿದಿದ್ದಾರೆ, ದುಡಿಯುತ್ತಲಿದ್ದಾರೆ. ಪ್ರಾತಃಕಾಲದಲ್ಲಿ ಸಂಧ್ಯಾವಂದನೆ, ದೇವರಪೂಜೆಗಳನ್ನು ಪೂರೈಸಿ ಹತ್ತು ಗಂಟೆಗೆ ಕೌಂಟರಿನ ಹಿಂದೆ ಕುಳಿತುಕೊಳ್ಳುವ ಗೃಹಸ್ಥನು ಒಂದೇ ದಿನದಲ್ಲಿ ಎರಡು ಕರ್ತವ್ಯಗಳಿಗೆ ಬದ್ಧನಾಗಿರುತ್ತಾನೆ. ಇವೆರಡೂ ಒಂದನ್ನೊಂದು ಎದುರಿಸುವ ಸಂದರ್ಭ ಬಂದಾಗ ಆತನು ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು? ಈ ಪ್ರಶ್ನೆ ಇಂದು ಒಂದು ಹೊಸ ರೂಪದಲ್ಲಿ ನಮ್ಮ ಮುಂದಿದೆ.

ಒಂದೇ ಲಿಂಗದ ಇಬ್ಬರು ವಯಸ್ಕರು ಪರಸ್ಪರ ಸಮ್ಮತಿಯಿಂದ ಕೂಡಿ ಬಾಳುವುದು ಅಪರಾಧವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್ 6ರಂದು ತೀರ್ಪಿತ್ತಿತು. 2023ರ ಅಕ್ಟೋಬರ್ 17ರಂದು ಅದೇ ನ್ಯಾಯಾಲಯವು ಅಂತಹವರ ವಿವಾಹಕ್ಕೆ ಕಾನೂನಿನ ಮಾನ್ಯತೆ ಕೊಡುವುದು ತನ್ನ ಕೆಲಸವಲ್ಲ, ಶಾಸನಸಭೆಯ ಕೆಲಸವೆಂದು ಹೇಳಿತು. ಆದರೆ ಅವರ ನಿತ್ಯಜೀವನದ ತೊಡಕುಗಳನ್ನು ಪರಿಶೀಲಿಸಲು ಸಮಿತಿಯೊಂದನ್ನು ರಚಿಸುವುದಾಗಿ ಕೇಂದ್ರ ಸರ್ಕಾರವು ನೀಡಿದ ವಚನವನ್ನು ದಾಖಲಿಸಿಕೊಂಡಿತು. ಅದರ ಫಲವಾಗಿ 2024ರಲ್ಲಿ ಕೆಲವು ಸೂಚನೆಗಳು ಹೊರಟವು. ಇಂತಹ ಸಂಗಾತಿಗಳು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು, ಒಬ್ಬರು ಇನ್ನೊಬ್ಬರನ್ನು ನಾಮಿನಿಯಾಗಿ ಹೆಸರಿಸಲು ಯಾವ ಅಡ್ಡಿಯೂ ಇಲ್ಲ. ಪಡಿತರ ಚೀಟಿಗೆ ಅವರನ್ನು ಒಂದೇ ಮನೆಯವರೆಂದು ಎಣಿಸಬೇಕು. ಹತ್ತಿರದ ಬಂಧುಗಳು ಇಲ್ಲದಿರುವಾಗ ಮೃತನ ದೇಹವನ್ನು ಸಂಗಾತಿಗೆ ಒಪ್ಪಿಸಬಹುದು. ಆದಕಾರಣ ನಮ್ಮ ದೇಶದಲ್ಲಿ ಈ ಪ್ರಶ್ನೆ ವಿವಾಹ ಮಂಟಪಕ್ಕೆ ಬಂದಿಲ್ಲ. ಬ್ಯಾಂಕಿನ ಕೌಂಟರಿಗೆ, ಪಡಿತರದ ಕಚೇರಿಗೆ, ಆಸ್ಪತ್ರೆಯ ಶವಾಗಾರದ ಬಾಗಿಲಿಗೆ ಬಂದಿದೆ.

ಆ ಕೌಂಟರಿನಲ್ಲಿ ನಮ್ಮವನೊಬ್ಬ ಕುಳಿತಿದ್ದಾನೆಂದು ಭಾವಿಸೋಣ. ಶಾಸ್ತ್ರವು ಹೇಳಿದ ಗೃಹಸ್ಥಾಶ್ರಮವೊಂದನ್ನೇ ಒಪ್ಪುವವನು ಆತ. “ಈ ಅರ್ಜಿಗೆ ರುಜು ಹಾಕಿದರೆ ನಾನು ಒಪ್ಪದ ಜೀವನಕ್ರಮಕ್ಕೆ ಅನುಮೋದನೆ ಕೊಟ್ಟಂತಾಗುವುದಿಲ್ಲವೇ? ನನ್ನ ಮನಸ್ಸಾಕ್ಷಿ ಒಪ್ಪುತ್ತಿಲ್ಲ” ಎಂದು ಆತನು ಕೇಳಿದರೆ ಏನು ಹೇಳಬೇಕು? ಆ ಕಳವಳವನ್ನು ನಗೆಯಾಡಿ ತಳ್ಳಿಬಿಡುವುದು ಸರಿಯಲ್ಲ. ಆಚಾರದಲ್ಲಿ ಶ್ರದ್ಧೆಯುಳ್ಳವನಿಗೆ ಮಾತ್ರ ಇಂತಹ ಕಳವಳ ಹುಟ್ಟುತ್ತದೆ.

ಆದರೆ ‘ಸಾಕ್ಷಿ’ ಎಂಬುದು ನಮ್ಮ ಸಿದ್ಧಾಂತದಲ್ಲಿ ಬಹಳ ತೂಕದ ಪದ. ಮನಸ್ಸು ಬೇರೆ, ಸಾಕ್ಷಿ ಬೇರೆ ಎಂದು ಶ್ರೀಮದಾಚಾರ್ಯರು ವಿವೇಚಿಸಿದ್ದಾರೆ. ಮನಸ್ಸು ಇಂದ್ರಿಯವಾದುದರಿಂದ ದೋಷಕ್ಕೊಳಗಾಗಬಲ್ಲದು, ಎಡವಬಲ್ಲದು. ಜೀವಸ್ವರೂಪವೇ ಆದ ಸಾಕ್ಷಿ ಎಡವದು. ಹೀಗಿರುವಲ್ಲಿ ಮನಸ್ಸಿಗೆ ಉಂಟಾದ ಹೇವರಿಕೆಯನ್ನೆಲ್ಲ ಸಾಕ್ಷಿಯ ತೀರ್ಪೆಂದು ಕರೆಯುವುದು ಯುಕ್ತವೇ? ಅಸ್ಪೃಶ್ಯತೆಯ ವಿಷಯದಲ್ಲಿ ನಮ್ಮ ಹಿಂದಿನ ತಲೆಮಾರಿನ ಅನೇಕರು ಇದೇ ಮಾತನ್ನು ಆಡಿದ್ದರು. ಬಾವಿಯ ನೀರು, ಆಸ್ಪತ್ರೆಯ ಹಾಸಿಗೆ, ಅಂಗಡಿಯ ಸರಕು ಇವುಗಳನ್ನು ಜಾತಿಯ ಕಾರಣದಿಂದ ನಿರಾಕರಿಸುವುದು ಅಪರಾಧವೆಂದು 1955ರ ಅಧಿನಿಯಮವು ವಿಧಿಸಿದಾಗ, ಅದು ತಮ್ಮ ಧರ್ಮಕ್ಕೆ ಭಂಗವೆಂದು ನೊಂದವರು ಇದ್ದರು. ಅವರ ನೋವು ಸುಳ್ಳಾಗಿರಲಿಲ್ಲ. ಆದರೆ ಅದು ಅಭ್ಯಾಸದ ನೋವು. ಧರ್ಮಕ್ಕೆ ಬಂದ ಹಾನಿಯಲ್ಲ. ಎರಡು ವಿಷಯಗಳೂ ಸರ್ವಥಾ ಒಂದೇ ಎಂದು ನಾವು ಹೇಳುವುದಿಲ್ಲ. ಮನಸ್ಸಿನ ಮಾತನ್ನು ಸಾಕ್ಷಿಯ ಮಾತೆಂದು ನಂಬುವ ಮೊದಲು ಪರೀಕ್ಷಿಸಬೇಕೆಂಬ ಪಾಠವಂತೂ ಎರಡಕ್ಕೂ ಸಮಾನ.

ಇನ್ನು, ಆ ರುಜುವಿನ ಅರ್ಥವೇನೆಂದು ವಿಚಾರಿಸೋಣ. ಖಾತೆಗೆ ಬೇಕಾದ ಪತ್ರಗಳು ಕ್ರಮಬದ್ಧವಾಗಿವೆ ಎಂದು ಮಾತ್ರ ಗುಮಾಸ್ತನ ರುಜು ಹೇಳುತ್ತದೆ. ಖಾತೆದಾರರ ಬಾಳು ಶಾಸ್ತ್ರಸಮ್ಮತವೆಂದು ಅದು ಹೇಳುವುದಿಲ್ಲ. ಮದ್ಯದ ಅಂಗಡಿಯವನ ಹಣವನ್ನು ಜಮಾ ಮಾಡಿಕೊಳ್ಳುವ ಸಾತ್ವಿಕ ಗುಮಾಸ್ತನು ಮದ್ಯಪಾನವನ್ನು ಅನುಮೋದಿಸಿದನೆಂದು ಯಾರೂ ತಿಳಿಯರು. 1809ರಲ್ಲಿ ಬೆಂಗಳೂರಿನಲ್ಲಿ ದಂಡು ನೆಲೆಯೂರಿದಾಗ ಮೈಸೂರಿನ ದಿವಾನರಾಗಿದ್ದವರು ಪೂರ್ಣಯ್ಯನವರು. ಮಾಧ್ವ ಗೃಹಸ್ಥರಾದ ಅವರು ಹೈದರಾಲಿ, ಟಿಪ್ಪು ಸುಲ್ತಾನ ಇವರ ಆಡಳಿತದಲ್ಲಿ ದುಡಿದು, ಅನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ಬಾಲ್ಯದಲ್ಲಿ ರಾಜ್ಯಭಾರವನ್ನು ಹೊತ್ತರು. ಪ್ರಜೆಯ ಮತವನ್ನು ಕೇಳಿ ಕಂದಾಯದ ಲೆಕ್ಕ ಬರೆಯುವುದು ಅವರ ಕೆಲಸವಾಗಿರಲಿಲ್ಲ. ಅಧಿಕಾರದ ಆಸನವು ಕುಳಿತವನ ಸ್ವಂತ ಸೊತ್ತಲ್ಲ. ಅದು ಪ್ರಜೆಗಳೆಲ್ಲರಿಗಾಗಿ ಇಟ್ಟ ಪೀಠ.

ಹಾಗಾದರೆ ಮನಸ್ಸಾಕ್ಷಿಗೆ ಎಡೆಯೇ ಇಲ್ಲವೇ? ಇದೆ. ಅದರ ಮಾರ್ಗವನ್ನು ಮಹಾಭಾರತದ ಭೀಷ್ಮಾಚಾರ್ಯರಲ್ಲಿ ಕಾಣಬಹುದು. ಹೆಣ್ಣಾಗಿ ಹುಟ್ಟಿ ಅನಂತರ ಗಂಡಾದ ಶಿಖಂಡಿಯ ಮೇಲೆ ಬಾಣ ಹೂಡುವುದಿಲ್ಲವೆಂಬುದು ಅವರ ನಿಯಮ. ಕೌರವ ಸೇನೆಯ ಅಧಿಪತಿಗಳಾದ ಅವರಿಗೆ ಅದು ಸಣ್ಣ ಸಂಗತಿಯಾಗಿರಲಿಲ್ಲ. ಅವರು ಮಾಡಿದುದು ಎರಡು. ಮೊದಲನೆಯದು, ಯುದ್ಧಕ್ಕೆ ಮುನ್ನವೇ ದುರ್ಯೋಧನನಿಗೆ ಈ ವಿಷಯವನ್ನು ತಿಳಿಸಿದರು. ರಣರಂಗದ ನಡುವೆ ಹೊಸದಾಗಿ ಹೇಳಲಿಲ್ಲ. ಎರಡನೆಯದು, ಆ ನಿಯಮದ ಬೆಲೆಯನ್ನು ತಮ್ಮ ಶರೀರದಿಂದಲೇ ತೆತ್ತು ಶರಶಯ್ಯೆಯಲ್ಲಿ ಮಲಗಿದರು. ಮುಂಚೆಯೇ ತಿಳಿಸುವುದು, ಬೆಲೆಯನ್ನು ತಾನೇ ತೆರುವುದು — ಮನಸ್ಸಾಕ್ಷಿಯ ಲಕ್ಷಣಗಳು ಇವೆರಡು. ಕೌಂಟರಿನ ಎದುರು ನಿಂತವನಿಂದ ಬೆಲೆ ತೆರಿಸುವುದು ಮನಸ್ಸಾಕ್ಷಿಯಲ್ಲ, ಅಧಿಕಾರದ ದುರುಪಯೋಗ.

ಹೊರದೇಶಗಳ ಅನುಭವವೂ ಇದನ್ನೇ ತೋರುತ್ತದೆ. ಅಮೆರಿಕದ ಕೆಂಟಕಿ ರಾಜ್ಯದಲ್ಲಿ 2015ರಲ್ಲಿ ಕಿಮ್ ಡೇವಿಸ್ ಎಂಬ ಚುನಾಯಿತ ಅಧಿಕಾರಿಣಿ ಸಲಿಂಗ ಜೋಡಿಗಳಿಗೆ ವಿವಾಹದ ಪರವಾನಗಿ ಕೊಡಲು ನಿರಾಕರಿಸಿದರು. ತಮ್ಮ ಕೈಕೆಳಗಿನವರೂ ಕೊಡದಂತೆ ತಡೆದರು. ನ್ಯಾಯಾಲಯದ ಆಜ್ಞೆಯನ್ನು ಮೀರಿದುದಕ್ಕಾಗಿ ಐದು ದಿನ ಸೆರೆಯಲ್ಲಿದ್ದರು. ಮರುವರ್ಷ ಆ ರಾಜ್ಯವು ಪರವಾನಗಿಯ ನಮೂನೆಯಿಂದ ಅಧಿಕಾರಿಯ ಹೆಸರನ್ನೇ ತೆಗೆದುಹಾಕಿತು. ಪ್ರಜೆಗೆ ಪರವಾನಗಿ ದೊರೆಯಿತು, ಅಧಿಕಾರಿಯ ಭಾರವೂ ಇಳಿಯಿತು. ಲಂಡನ್ನಿನ ಇಸ್ಲಿಂಗ್ಟನ್ನಿನಲ್ಲಿ ನೋಂದಣಾಧಿಕಾರಿಯಾಗಿದ್ದ ಲಿಲಿಯನ್ ಲಡೆಲೆ ಅವರ ಪ್ರಕರಣ ಇನ್ನೂ ಸೂಕ್ಷ್ಮವಾದುದು. ಆಕೆ ಆ ಹುದ್ದೆಗೆ ಸೇರಿದ ಮೇಲೆ ಕಾನೂನು ಬದಲಾಯಿತು. 2013ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು ಆಕೆಯ ವಾದವನ್ನು ಒಪ್ಪಲಿಲ್ಲವಾದರೂ ನ್ಯಾಯಾಧೀಶರಲ್ಲಿ ಇಬ್ಬರು ಆಕೆಯ ಪರವಾಗಿ ಅಭಿಪ್ರಾಯವಿತ್ತರು. ದಕ್ಷಿಣ ಆಫ್ರಿಕದಲ್ಲಿ 2006ರ ಕಾನೂನು ಸರ್ಕಾರಿ ವಿವಾಹಾಧಿಕಾರಿಗಳಿಗೆ ಮನಸ್ಸಾಕ್ಷಿಯ ಕಾರಣದಿಂದ ವಿನಾಯಿತಿ ಕೊಟ್ಟಿತ್ತು. ಅದರಿಂದ ಅನೇಕ ಕಚೇರಿಗಳಲ್ಲಿ ಕೆಲಸ ಮಾಡಿಕೊಡುವವರೇ ಇಲ್ಲವಾದುದರಿಂದ 2020ರಲ್ಲಿ ಆ ವಿನಾಯಿತಿಯನ್ನು ತೆಗೆದುಹಾಕಲಾಯಿತು. ಒಬ್ಬನಿಗೆ ಕೊಟ್ಟ ರಿಯಾಯಿತಿಯು ಇನ್ನೊಬ್ಬನ ಪಾಲಿಗೆ ಮುಚ್ಚಿದ ಬಾಗಿಲಾಗಬಾರದು.

ಆದುದರಿಂದ ನಮ್ಮ ಉದ್ಯೋಗಸ್ಥ ಬಂಧುಗಳಿಗೆ ನಾವು ಹೇಳುವುದಿಷ್ಟು. ನಿಜವಾಗಿಯೂ ಆಗದೆಂದು ತೋರಿದರೆ ಮೇಲಧಿಕಾರಿಗಳಿಗೆ ಮೊದಲೇ ತಿಳಿಸಿ ಬೇರೆ ವಿಭಾಗವನ್ನು ಕೋರಬಹುದು. ಬಡ್ತಿ ತಪ್ಪಿದರೂ ಸಹಿಸಿಕೊಳ್ಳಬಹುದು. ಅದೂ ಸಾಧ್ಯವಾಗದಿದ್ದರೆ ಆ ಕೆಲಸವನ್ನು ಬಿಡಬಹುದು. ಆದರೆ ಆಸನದಲ್ಲಿ ಕುಳಿತಿರುವವರೆಗೆ ಎದುರಿಗೆ ಬಂದವನನ್ನು ನಾಳೆ ಬಾ ಎಂದು ಅಲೆದಾಡಿಸುವುದು, ಪತ್ರಗಳಲ್ಲಿ ಇಲ್ಲದ ದೋಷವನ್ನು ಹುಡುಕುವುದು, ಹತ್ತು ಜನರ ಮುಂದೆ ಹಾಸ್ಯ ಮಾಡುವುದು ಇವು ಯಾವ ಆಚಾರವೂ ಅಲ್ಲ. ಮನೆಯ ದೇವರಕೋಣೆ, ಮಠದ ಪೂಜೆ, ಪುರೋಹಿತರು ನಡೆಸುವ ಸಂಸ್ಕಾರ ಇವುಗಳ ಕ್ರಮ ಬೇರೆ. ಅಲ್ಲಿ ಪ್ರಮಾಣವು ಶಾಸ್ತ್ರ. ಪುರೋಹಿತರನ್ನು ಬಲವಂತಪಡಿಸಬೇಕೆಂದು ಯಾರೂ ಹೇಳತಕ್ಕದ್ದಲ್ಲ. ಈ ಗಡಿಯನ್ನು ಉಳಿಸಿಕೊಳ್ಳಬೇಕಾದರೆ ಆಚೆಯ ಗಡಿಯನ್ನೂ ನಾವು ಗೌರವಿಸಬೇಕಾಗುತ್ತದೆ.

ಇಪ್ಪತ್ತು ವರ್ಷ ಒಂದೇ ಮನೆಯಲ್ಲಿ ಬಾಳಿ, ಕಾಯಿಲೆಯಲ್ಲಿ ಶುಶ್ರೂಷೆ ಮಾಡಿ, ಕೊನೆಗೆ ಶವಾಗಾರದ ಮುಂದೆ ಒಂದು ರುಜುವಿಗಾಗಿ ಕಾಯುತ್ತ ನಿಂತವನನ್ನು ನೆನೆಯೋಣ. ಅವನಿಗೆ ಬೇಕಾದುದು ನಮ್ಮ ಅನುಮೋದನೆಯಲ್ಲ. ಸತ್ತವನಿಗೆ ಸಕಾಲದಲ್ಲಿ ಅಂತ್ಯಕ್ರಿಯೆ. ಜನರ ಸೇವೆಯನ್ನು ಭಗವಂತನಿಗೆ ಸಲ್ಲಿಸುವ ಕರವೆಂದು ತಿಳಿಯಬೇಕೆಂಬುದು ಶ್ರೀಮದಾಚಾರ್ಯರ ಉಪದೇಶ. ಕರವನ್ನು ಸಲ್ಲಿಸುವವನು ಮುಂದೆ ಅದು ಯಾರ ಉಪಯೋಗಕ್ಕೆ ಸಲ್ಲುವುದೆಂದು ಆರಿಸುವುದಿಲ್ಲ. ಸರ್ವರ ಹೃದಯದಲ್ಲಿ ಬಿಂಬರೂಪಿಯಾಗಿರುವ ಶ್ರೀಹರಿಯು ಆ ಕೌಂಟರಿನ ಎರಡು ಕಡೆಯಲ್ಲಿಯೂ ಇದ್ದಾನೆಂಬ ಅನುಸಂಧಾನ ನಮಗಿರಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥